ಗೆಜೆಟೆಡ್ ಹೆಬ್ಬೆರಳು

ಸೋಮವಾರ ಬೆಳಿಗ್ಗೆ ರಾಯಚೂರಿನಲ್ಲಿ ಉಪನಿರ್ದೇಶಕ ಬಿರಾದಾರರ ಸರ್ಕಾರಿ ಕಾರಿನ ಎಂಜಿನ್ ಸಭ್ಯತೆ ಮೀರಿ ಕಿರುಚಿತು. ಇಲಾಖೆ ದಿಗ್ಭ್ರಮೆಗೊಂಡಿತು. ಬೆಲ್ಟ್ ಸವೆದಿತ್ತು.

ಗ್ಯಾರೇಜಿಗೆ ಬಂದ ಸಾಹೇಬರು ಕಾರಿನಿಂದ ಇಳಿಯಲಿಲ್ಲ. ಹೊರಗೆ ನಲವತ್ಮೂರು ಡಿಗ್ರಿ ಬಿಸಿಲು.

“ಎಸಿ ನಿಲ್ಲಬಾರದು. ಎಂಜಿನ್ ಓಡ್ತಿರಲಿ. ಹೊಸ ಬೆಲ್ಟ್ ಹಾಕು,” ಎಂದರು.

“ಓಡೋ ಬೆಲ್ಟಿಗೆ ಕೈ ಹಾಕಿದ್ರ ಬೆರಳು ಹೋಗ್ತಾವ್ರಿ,” ಎಂದ ಮೆಕ್ಯಾನಿಕ್ ಖಾಜಾಸಾಬ.

“ಗೆಜೆಟೆಡ್ ಅಧಿಕಾರಿಗೇ ಎದುರು ಮಾತಾ? ಗ್ಯಾರೇಜಿಗೆ ಬೀಗ ಹಾಕಿಸ್ತೀನಿ!”

ಖಾಜಾಸಾಬನ ಮುಖ ಅರಳಿತು. “ಗೆಜೆಟೆಡ್ ಏನ್ರಿ? ಮೊದಲೇ ಹೇಳಬಾರದೇನ್ರೀ ಸಾಹೇಬ್ರ! ಬೆಲ್ಟಿನ ಬಿಗಿ ಹೆಬ್ಬೆರಳಿಂದ ಒತ್ತಿ ನೋಡಬೇಕು, ಅರ್ಧ ಇಂಚು ಬಗ್ಗಬೇಕು. ಸರ್ಕಾರಿ ಗಾಡಿಗೆ ನನ್ನಂಥವನ ಹೆಬ್ಬೆರಳು ನಡೀತದೇನ್ರಿ? ಹಳೇದು ಎಷ್ಟು ಸಡಿಲ ಐತಿ, ನೀವೇ ಒತ್ತಿ ದೃಢೀಕರಿಸ್ರಿ. ಆಮ್ಯಾಲೆ ನಾ ಕೈ ಹಾಕ್ತೀನಿ.”

ಬಾನೆಟ್ ಎತ್ತಿ ಗೌರವದಿಂದ ಪಕ್ಕಕ್ಕೆ ಸರಿದ. ಸಾಹೇಬರು ಇಳಿದು ಬಂದರು. ಬೆಲ್ಟ್ ಕಣ್ಣಿಗೆ ಕಾಣದಷ್ಟು ವೇಗವಾಗಿ ತಿರುಗುತ್ತಿತ್ತು. ಅವರು ಬೆಲ್ಟನ್ನು ನೋಡಿದರು. ತಮ್ಮ ಹೆಬ್ಬೆರಳನ್ನು ನೋಡಿದರು. ಅದರ ಸೇವಾವಧಿ ಇನ್ನೂ ಒಂಬತ್ತು ವರ್ಷವಿತ್ತು.

“ಈ ಪರಿಶೀಲನೆ ಕೆಳಹಂತದಲ್ಲೇ ಆಗಬಹುದು,” ಎಂದು ಡ್ರೈವರನ ಕಡೆ ತಿರುಗಿದರು. “ಬಂದ್ ಮಾಡೋ!”

ಹನ್ನೊಂದು ಹತ್ತಕ್ಕೆ ಎಂಜಿನ್ ನಿಂತಿತು. ಬೆಲ್ಟ್ ಬದಲಿಸಲು ಇಪ್ಪತ್ತೈದು ನಿಮಿಷ ಹಿಡಿಯಿತು. ಸಾಹೇಬರು ಅಷ್ಟು ಹೊತ್ತು ಬೇವಿನ ಮರದ ಕೆಳಗೆ ನಿಂತಿದ್ದರು.