ಮಸಿ ಬಳಿಯದ ಗರಿ

ಮಠದಲ್ಲಿ ಗುರುಗಳ ಪ್ರವಚನವನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಶಿಷ್ಯನೊಬ್ಬ ಒಂದು ದಿನ ಕೇಳಿದ: "ಗುರುಗಳೇ, ಈಗ ಪರದೆಯ ಮೂಲೆಯಲ್ಲಿ ಎಷ್ಟನೆಯ ಸಾಲು, ಎಷ್ಟನೆಯ ಅಕ್ಷರ ಎಂದು ಕಾಣುವಂತೆ ಮಾಡಿಕೊಂಡಿದ್ದೇನೆ. ನಿನ್ನೆ ಮುನ್ನೂರ ಹನ್ನೆರಡನೆಯ ಸಾಲಿನ ನಲವತ್ತನೆಯ ಅಕ್ಷರಕ್ಕೆ ನಿಲ್ಲಿಸಿದೆ. ತಾನು ಎಲ್ಲಿದ್ದೇನೆ ಎಂಬುದು ಇಷ್ಟು ಖಚಿತವಾಗಿ ಗೊತ್ತಿರುವವನು ದಾರಿ ತಪ್ಪುವುದುಂಟೇ?"

"ಎಣಿಕೆಯಲ್ಲಿ ನೀನು ಗಟ್ಟಿಗನಪ್ಪ," ಎಂದು ಗುರುಗಳು ನಕ್ಕರು. ಆಮೇಲೆ ನಗು ನಿಲ್ಲಿಸಿ ಹೇಳಿದರು.

ಒಬ್ಬ ಲಿಪಿಕಾರನಿದ್ದ. ಕಾಶಿಗೆ ಹೊರಟ ವೈದ್ಯನೊಬ್ಬ ತನ್ನ ತಾಳೆಗರಿಯ ಗ್ರಂಥವನ್ನು ನಕಲು ಮಾಡಲು ಅವನಿಗೆ ಕೊಟ್ಟು ಹೋದ. ಗೆದ್ದಲು ತಿಂದ ಗ್ರಂಥ. ನಕಲು ಮಾಡಿ ಎತ್ತಿಟ್ಟ ಗರಿ ಪುಡಿಯಾಗುತ್ತಿತ್ತು. ಲಿಪಿಕಾರ ಕಂಟವೆಂಬ ಕಬ್ಬಿಣದ ಲೇಖನಿ ಹಿಡಿದು ಹೊಸ ಗರಿಗಳ ಮೇಲೆ ಕೊರೆಯುತ್ತ ಹೋದ. ಕೊರೆದ ಅಕ್ಷರ ಮಸಿ ಬಳಿಯುವ ತನಕ ಕಣ್ಣಿಗೆ ಕಾಣದು. ಮಸಿ ಬಳಿಯುವುದು ಗ್ರಂಥವೆಲ್ಲ ಮುಗಿದ ಮೇಲೆ, ಅದು ಪದ್ಧತಿ. ಅಲ್ಲಿಯವರೆಗೆ ಯಾವ ಗರಿ, ಯಾವ ಸಾಲು, ಎಷ್ಟನೆಯ ಅಕ್ಷರ ಎಂದು ಎಣಿಸುತ್ತಲೇ ಇರಬೇಕು. ಅರ್ಥದ ಕಡೆ ಗಮನ ಹೋದರೆ ಎಣಿಕೆ ತಪ್ಪೀತೆಂದು ಅವನು ಓದುತ್ತಲೇ ಇರಲಿಲ್ಲ.

ಅವನ ಒಬ್ಬಳೇ ಮಗಳಿಗೆ ಜ್ವರ ಬಂತು. ನಾಲಗೆ ಕಪ್ಪಾಯಿತು. ಹೆಂಡತಿ ಬಂದು, "ಅದು ಮದ್ದಿನ ಪುಸ್ತಕವಲ್ಲವೇ? ಮಗುವಿಗೆ ಏನಾದರೂ ಇದೆಯೋ ನೋಡಿ," ಎಂದಳು.

"ಎಪ್ಪತ್ತನೆಯ ಗರಿ, ಮೂರನೆಯ ಸಾಲು, ಹದಿನೆಂಟನೆಯ ಅಕ್ಷರದಲ್ಲಿದ್ದೇನೆ. ಮಾತಾಡಿಸಬೇಡ," ಎಂದ.

ಮೂರನೆಯ ದಿನ ಮಗು ಕಣ್ಣು ತೆರೆಯಲಿಲ್ಲ. ಆಗ ಕಂಟ ಕೆಳಗಿಟ್ಟು, ವೈದ್ಯರನ್ನು ಹುಡುಕಿಕೊಂಡು ನಾಲ್ಕು ಊರು ಓಡಿದ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದ, ಪಾಪಿ. ಬರಿಗೈಯಲ್ಲಿ ಮರಳಿದಾಗ ಮಗುವನ್ನು ಅಂಗಳದಲ್ಲಿ ಮಲಗಿಸಿದ್ದರು.

ತಿಂಗಳು ಕಳೆದು ಗ್ರಂಥ ಮುಗಿಯಿತು. ಗರಿಗಳಿಗೆ ಮಸಿ ಬಳಿದು ಒರೆಸಿದ. ನಲವತ್ತೆರಡನೆಯ ಗರಿಯಲ್ಲಿ ಅಕ್ಷರಗಳು ಎದ್ದು ಬಂದವು: ನಾಲಗೆ ಕಪ್ಪಾಗುವ ಜ್ವರಕ್ಕೆ ಅಮೃತಬಳ್ಳಿಯ ಕಷಾಯ, ಮೂರು ದಿನದೊಳಗೆ ಕೊಡಬೇಕು. ಬಳ್ಳಿ ಅವನ ಹಿತ್ತಲ ಬೇಲಿಯ ಮೇಲೆಯೇ ಹಬ್ಬಿತ್ತು. ಬರಹವೂ ಅವನದೇ. ಒಂದು ಅಕ್ಷರವೂ ತಪ್ಪಿರಲಿಲ್ಲ.

ಹೆಂಡತಿಗೆ ಓದು ಬಾರದು. ಅವನು ಆ ಒಂದೇ ಗರಿಯನ್ನು ಮತ್ತೆ ಮತ್ತೆ ಓದುವುದನ್ನು ಕಂಡು, "ಏನಿದೆ ಅದರಲ್ಲಿ?" ಎಂದು ಕೇಳಿದಳು. ಸಾಯುವ ತನಕ ಅವನು ಅವಳಿಗೆ ಅದನ್ನು ಹೇಳಲಾರದೆ ಹೋದ.

ಗುರುಗಳು ಕತೆ ನಿಲ್ಲಿಸಿ ಶಿಷ್ಯನ ಮುಖ ನೋಡಿದರು.

"ನಿನ್ನ ಮುನ್ನೂರ ಹನ್ನೆರಡನೆಯ ಸಾಲಿನಲ್ಲಿ ಏನಿದೆ, ಹೇಳು."