ಎರಡನೆಯ ಸದ್ದು

"ಗುರುಗಳೇ, ನಕ್ಷತ್ರ ಕುಸಿದು ಕಪ್ಪುಕುಳಿಯಾಗುತ್ತದೆ, ಅದರೊಳಗೆ ಬಿದ್ದದ್ದು ತಿರುಗಿ ಬರುವುದಿಲ್ಲ ಎಂದು ಕಲಿಸಿದಿರಿ. ಈಗ ಕೆಲವರು ಅದು ಕುಳಿಯೇ ಅಲ್ಲದಿರಬಹುದು ಎನ್ನುತ್ತಾರೆ. ಮೇಲೆ ತೆಳ್ಳನೆಯ ಗಟ್ಟಿ ಚಿಪ್ಪು, ಒಳಗೆ ಬರೀ ಪೊಳ್ಳು, ಅಂಥ ಕಾಯವೂ ಇರಬಹುದಂತೆ. ಅಂಥವೆರಡು ಡಿಕ್ಕಿಯಾದಾಗ ಕ್ಷೀಣವಾದ ಮರುದನಿ ಬಂದರೆ ಚಿಪ್ಪಿದೆ ಎಂದು ತಿಳಿಯಬೇಕಂತೆ. ಕುಳಿಯಾಗಲಿ ಚಿಪ್ಪಾಗಲಿ, ಹೊರಗಿನಿಂದ ನೋಡಿದರೆ ಎರಡೂ ಒಂದೇ ಕಪ್ಪು. ನಾವಿರುವುದು ಹೊರಗೆ. ಒಳಗೆ ಏನಿದ್ದರೆ ನಮಗೇನು?"

ಶಿಷ್ಯನ ಪ್ರಶ್ನೆಗೆ ಗುರು ಒಂದು ಕತೆ ಹೇಳಿದರು.

ಒಂದು ಹಗೇವು ಜೋಳಕ್ಕೆ ಎರಡು ಜೋಡಿ ಎತ್ತು. ಒಬ್ಬ ವರ್ತಕ ಒಬ್ಬ ರೈತನೊಡನೆ ಹೀಗೆ ವ್ಯಾಪಾರ ಕುದುರಿಸಿದ್ದ. ಹಗೇವು ಎಂದರೆ ಜೋಳ ತುಂಬಿ, ಬಾಯಿಗೆ ಮಣ್ಣು ಮೆತ್ತಿ ಇಡುವ ನೆಲದಡಿಯ ಕಣಜ. ಅದನ್ನು ಮುಚ್ಚಿದ ಹಾಗೆಯೇ ಕೊಳ್ಳುವುದು ಆ ಸೀಮೆಯ ಪದ್ಧತಿ. ತೆರೆದ ದಿನ ಕೊಂಡವನು ಒಂದು ಕಲ್ಲನ್ನು ಒಳಗೆ ಬಿಡುತ್ತಾನೆ. ತುಂಬಿದ ಹಗೇವು ಸದ್ದನ್ನು ನುಂಗಿಬಿಡುತ್ತದೆ. ಮೇಲಿನ ಕಾಳು ಪಸೆಗೆ ಹೆಪ್ಪುಗಟ್ಟಿ, ಕೆಳಗಿನದು ಕೊಳೆತು ಕುಸಿದಿದ್ದರೆ, ಮೊದಲ ಸದ್ದಿನ ಹಿಂದೆಯೇ ಇನ್ನೊಂದು ಸಣ್ಣ ಸದ್ದು ಬರುತ್ತದೆ. ಅದು ಕೇಳಿಸಿದರೆ ಕೊಂಡವನು ವ್ಯಾಪಾರ ಮುರಿಯಬಹುದು. ಮೊದಲ ಚೀಲ ಮೇಲೆ ಬಂದ ಮೇಲೆ ಮುರಿಯುವಂತಿಲ್ಲ.

ಈ ವರ್ತಕ ಮುರಿಯುವ ಸ್ಥಿತಿಯಲ್ಲಿರಲಿಲ್ಲ. ಆ ಜೋಳವನ್ನು ಅವನು ಆಗಲೇ ಪೇಟೆಯ ದೊಡ್ಡ ಕುಳವೊಂದಕ್ಕೆ ಮಾರಿಯಾಗಿತ್ತು. ಅವರ ಕಡೆಯವರು ಗಾಡಿ ಹೂಡಿಕೊಂಡು ಬಂದು ಕಾಯುತ್ತಿದ್ದರು.

ಹಗೇವಿನ ಬಾಯಿ ತೆರೆದು, ಕೆಟ್ಟ ಗಾಳಿ ಹೋಗಲು ಬಿಟ್ಟರು. ಆಮೇಲೆ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ ದೀಪ ಆರಲಿಲ್ಲ. ವರ್ತಕ ಬಾಗಿ ಕಲ್ಲು ಬಿಟ್ಟ. ದಪ್ ಎಂದಿತು. ಅದರ ಬೆನ್ನಿಗೇ, ದೂರದಲ್ಲಿ ಯಾರೋ ಕೆಮ್ಮಿದ ಹಾಗೆ, ಇನ್ನೊಂದು.

ವರ್ತಕ ಕೇಳಿಸಿಕೊಂಡ. ರೈತನ ಕಡೆ ನೋಡಿದ. ರೈತ ಎತ್ತುಗಳ ಕಡೆ ನೋಡುತ್ತಿದ್ದ.

ಒಳಗಿಳಿದು ಚೀಲ ತುಂಬಬೇಕಾದ ಹಮಾಲ ಪಕ್ಕದಲ್ಲೇ ಕೂತಿದ್ದ. "ಸಾವ್ಕಾರ್ರ, ಎರಡ ಸಲ ಕೇಳಿಸ್ತಲ್ರೀ," ಎಂದ.

"ನಿನ್ನೆ ಕುಡಿದದ್ದು ಇನ್ನೂ ಇಳಿದಿಲ್ಲ ನಿನಗ. ಮನ್ಯಾಗ ಹೇಣ್ತೀನೂ ಇಬ್ರಾಗಿ ಕಂಡಿರಬೇಕು," ಎಂದ ವರ್ತಕ.

ಗಾಡಿಯವರು ನಕ್ಕರು. "ಒಬ್ಬಾಕಿನ್ನ ಸಾಕೂದ ಕಷ್ಟ ಐತ್ರೀ ಯಪ್ಪಾ," ಎಂದು ಹಮಾಲನೂ ನಕ್ಕ. ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದ.

ಕಾಲ ಕೆಳಗೆ ಕಾಳು ಗಟ್ಟಿಯಾಗಿತ್ತು. ಅವನು ತನ್ನ ಹಗ್ಗ ಬಿಚ್ಚಿ, ಅದಕ್ಕೇ ಚೀಲ ಕಟ್ಟಿ ಕಳಿಸಿದ. ನಾಲ್ಕು ಚೀಲ ಮೇಲೆ ಬಂದವು. ಐದನೆಯದಕ್ಕೆ ಹಗ್ಗ ಇಳಿಬಿಡುವಾಗ ಕೆಳಗೆ ಹೆಪ್ಪು ಬಿರಿದ ಸದ್ದಾಯಿತು. ಹೆಪ್ಪಿನ ಅಡಿಯಲ್ಲಿದ್ದ ಕೆಟ್ಟ ಗಾಳಿ ಅಷ್ಟು ದಿನವೂ ಅಲ್ಲಿಯೇ ಉಳಿದಿತ್ತು. ದೀಪ ಬಿಟ್ಟರು. ಆರಿತು. ಹೆಸರು ಹಿಡಿದು ಕೂಗಿದರು. ಮತ್ತೆ ಯಾರೂ ಇಳಿಯಲಿಲ್ಲ.

ಗಾಡಿಗಳು ಖಾಲಿಯಾಗಿ ಹಿಂತಿರುಗಿದವು. ರೈತ ಎತ್ತುಗಳನ್ನು ಹೊಡೆದುಕೊಂಡು ಹೋದ. ಹಮಾಲನ ಹೆಂಡತಿ ಬಂದು ಹಗೇವಿನ ಬಾಯಲ್ಲಿ ಕೂತಳು.

ಗುರು ಇಲ್ಲಿಗೆ ನಿಲ್ಲಿಸಿದರು.

"ಇಷ್ಟೆಲ್ಲ ಮಾಡಿ ವರ್ತಕನಿಗೆ ದಕ್ಕಿದ್ದೇನು?" ಎಂದು ಶಿಷ್ಯ ಕೇಳಿದ.

"ನಾಲ್ಕು ಚೀಲ ಮುಗ್ಗಲು ಜೋಳ, ಜೊತೆಗೆ, ನಿನ್ನ ಹಾಗೆ ಹೊರಗೇ ನಿಂತಿದ್ದರಿಂದ, ತನ್ನ ಜೀವ."