ಅಳುವ ಗೋಡೆಗೆ ಎಷ್ಟು ಸಲ ಸುಣ್ಣ?

"ಕೇಳ್ರಪ್ಪೋ ಕೇಳಿ! ನೆಲ್ಲಿಕೋಟೆಯ ದೊರೆ ಕೆಂಚನಾಯಕರ ಅಪ್ಪಣೆ! ಅರಸುಮಗಳು ಗೌರಾಜಿಯವರು ಅರಮನೆಯ ಮೂರು ಗೋಡೆಗಳ ಮುಂದೆ ಮೂರು ಒಗಟು ಹಾಕುತ್ತಾರೆ. ಮೂರನ್ನೂ ಬಿಡಿಸಿದವನು ಅವರ ಕೈ ಹಿಡಿಯುತ್ತಾನೆ. ಒಂದು ತಪ್ಪಿದರೂ ಸೆರೆಮನೆ, ಅಮಾವಾಸ್ಯೆಗೆ ತಲೆದಂಡ! ಜಾತಿ ಕೇಳುವುದಿಲ್ಲ, ಕುಲ ಕೇಳುವುದಿಲ್ಲ, ಉತ್ತರ ಮಾತ್ರ ಕೇಳುತ್ತಾರೆ!"

ಡಂಗುರದವನು ಸಂತೆಬೀದಿಯಲ್ಲಿ ಹೀಗೆ ಸಾರುತ್ತಿದ್ದಾಗ ಸಣ್ಣೀರ ಕತ್ತೆಯ ಬೆನ್ನಿನಿಂದ ಸುಣ್ಣದ ಚೀಲ ಇಳಿಸುತ್ತಿದ್ದ. ಸುಣ್ಣ ಸುಡುವುದು, ಬಳಿಯುವುದು ಅವನ ಕಸುಬು. ಹೋದ ಬೇಸಗೆಯಲ್ಲಿ ಅರಮನೆಗೆ ಸುಣ್ಣ ಒಯ್ದಿದ್ದಾಗ ಗೌರಾಜಿ ಮಹಡಿಯ ಕಿಟಕಿಯಿಂದ, "ಬಿಸಿಲಲ್ಲಿ ನಿಂತಿದ್ದೀಯಲ್ಲ, ನೀರು ಕುಡಿದೆಯಾ?" ಎಂದು ಕೇಳಿ ಕೆಮ್ಮಿದ್ದಳು. ಅಷ್ಟಕ್ಕೇ ಹುಡುಗ ಮನಸ್ಸು ಕಳೆದುಕೊಂಡಿದ್ದ. ಪ್ರೀತಿಗೆ ಅದಕ್ಕಿಂತ ದೊಡ್ಡ ಕಾರಣ ಬೇಕೆನ್ನುವವರು ಪ್ರೀತಿಸಿದವರಲ್ಲ.

"ಗೋಡೆ ಮ್ಯಾಲಿನ ಒಗಟಂತೆ ಕಣವ್ವಾ, ನಾನು ಹೋಯ್ತೀನಿ."

"ತಲೆ ಗಟ್ಟಿ ಅದೆ ಅಂತ ಬಂಡೆಗೆ ಚಚ್ಕೋಬ್ಯಾಡ ಮಗಾ," ಎಂದು ತಾಯಿ ಬೈದಳು. ಬೈಯುತ್ತಲೇ ಬುತ್ತಿ ಕಟ್ಟಿಕೊಟ್ಟಳು.

ಅರಮನೆಯಲ್ಲಿ ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಿದ್ದರು. ಸಣ್ಣೀರ ನಾಲ್ಕಾರು ದಿನ ಹಜಾರದ ಮೂಲೆಯಲ್ಲಿ ಕುಳಿತು, ಹೋದವರು ಯಾವ ಮುಖ ಹೊತ್ತು ಬರುತ್ತಾರೆಂದು ನೋಡಿದ. ಬಿದಿರೂರಿನ ಪಾಳೆಯಗಾರನ ಮಗ ಮೀಸೆ ತಿರುವುತ್ತಾ ಹೋದವನು ಬೇಗನೆ ಕಾವಲುಗಾರರ ನಡುವೆ ಬಂದ. "ಹೊಳೆಯ ಮರಳು ಅಂದೆ, ತಪ್ಪೇನು?" ಎಂದು ಕೂಗಾಡುತ್ತಿದ್ದ. ಮುತ್ತಿನ ವ್ಯಾಪಾರಿಯ ಮಗ ಮೊದಲನೆಯದನ್ನು ಗೆದ್ದು ಎರಡನೆಯದರಲ್ಲಿ ಬಿದ್ದ. ಕೊನೆಗೆ ಆಸ್ಥಾನದ ಕವಿ. ಅವನು ಮೂರನೆಯ ಗೋಡೆಯವರೆಗೂ ಹೋಗಿದ್ದನಂತೆ. "ಗೊತ್ತಿತ್ತು, ಗೊತ್ತಿದ್ದೂ ಹತ್ತು ಸಲ ಅಂದೆ," ಎಂದು ತನ್ನಷ್ಟಕ್ಕೆ ಗೊಣಗುತ್ತಾ ಸೆರೆಮನೆಯ ಮೆಟ್ಟಿಲಿಳಿದ. ಆ ಮಾತು ಸಣ್ಣೀರನಿಗೆ ಅರ್ಥವಾಗಲಿಲ್ಲ.

ಅವನ ಸರದಿ ಬಂತು. ಗೌರಾಜಿ ಹೊಸದಾಗಿ ಗಾರೆ ಮೆತ್ತಿದ ಗೋಡೆಯ ಪಕ್ಕ ನಿಂತಿದ್ದಳು, ದೊರೆ ಪೀಠದ ಮೇಲಿದ್ದ.

"ಹೊಸದಾಗಿ ಬಂದವಳು, ಬಲು ಬಾಯಾರಿದವಳು. ಉಡಿಸಿದ ಮೊದಲ ಸೀರೆಯನ್ನು ಕುಡಿದೇಬಿಡುತ್ತಾಳೆ. ಯಾರವಳು? ಎಷ್ಟು ಸಲ ಉಡಿಸಿದರೆ ಅವಳ ಮಾನ ಮುಚ್ಚುತ್ತದೆ?"

ಸಣ್ಣೀರ ನಕ್ಕ. "ಮುಂದೇ ನಿಂತವ್ಳೆ ಅಮ್ಮಾವ್ರೆ, ಹೊಸ ಗಾರೆ ಗೋಡೆ. ಮೊದಲನೇ ಸುಣ್ಣ ಅವಳ ಹೊಟ್ಟೆಗೆ, ಎರಡನೇದು ಮೈಗೆ, ಮೂರನೇದು ನೋಡೋರ ಕಣ್ಣಿಗೆ. ಮೂರು ಸಲ ಸಾಕು. ನೀರು ಚಿಮುಕಿಸಿ ಶುರು ಮಾಡ್ಬೇಕು, ಅಷ್ಟೆ."

ಗೌರಾಜಿ ತಲೆಯಾಡಿಸಿ ಎರಡನೆಯ ಗೋಡೆಗೆ ನಡೆದಳು. ಅದನ್ನು ಕೆರೆದು ಆಗತಾನೆ ಮತ್ತೆ ಒಂದು ಸಲ ಸುಣ್ಣ ಬಳಿದಿದ್ದರು. ಹಸಿಯಾಗಿದ್ದರಿಂದ ಹಳೆಯ ಕಲೆಗಳೆಲ್ಲ ಎದ್ದು ಕಾಣುತ್ತಿದ್ದವು.

"ಬಂದಾಗ ಮುಖ ತೋರಿಸುವುದಿಲ್ಲ, ಬೆವರಾರಿದ ಮೇಲೆ ಬೆಳಗುತ್ತಾಳೆ. ಅವಸರದ ಗಂಡು ಅವಳು ಬಂದೇ ಇಲ್ಲವೆಂದು ಮತ್ತೆ ಮತ್ತೆ ಕರೆದು ಕೆಡುತ್ತಾನೆ. ಯಾರವಳು? ಇಲ್ಲಿಗೆ ಇನ್ನೆಷ್ಟು ಸಲ ಬರಬೇಕು?"

"ಅವಳು ಹಸಿ ಸುಣ್ಣ. ಎಷ್ಟು ಸಲ ಅನ್ನೋದನ್ನ ನಾಳೆ ಹೇಳ್ತೀನಿ."

"ಸೆರೆಮನೆಯನ್ನು ಒಂದು ದಿನ ಮುಂದೂಡುವ ಉಪಾಯ!" ಎಂದು ಮಂತ್ರಿಗಳು ನಕ್ಕರು.

"ನಗ್ರಿ ಸ್ವಾಮಿ. ಹಸಿ ಸುಣ್ಣ ಸುಳ್ಳು ಹೇಳ್ತದೆ, ಒಣಗಿದ ಮ್ಯಾಲೇ ನಿಜ. ಆ ಮುತ್ತಿನ ವ್ಯಾಪಾರದವರ ಮಗ ಹಸಿಯಲ್ಲೇ ಲೆಕ್ಕ ಹೇಳಿರ್ಬೇಕು, ಬಳಿದ್ದೆಲ್ಲ ಹಪ್ಪಳದಂಗೆ ಎದ್ದು ಉದುರಿರ್ಬೇಕು."

ನಡೆದದ್ದೂ ಹಾಗೆಯೇ ಆಗಿತ್ತು. ಮಂತ್ರಿಗಳ ನಗು ನಿಂತಿತು. ಮರುದಿನ ಬೆಳಗ್ಗೆ ನೋಡಿದರೆ ಗೋಡೆ ಹಾಲಿನಂತೆ ಬೆಳ್ಳಗಿತ್ತು. "ಹಳೇ ಸುಣ್ಣದ ಮೈ ಇದು, ಒಂದೇ ಸಾಕಾಯ್ತು. ಇನ್ನು ಬ್ಯಾಡ," ಎಂದ ಸಣ್ಣೀರ.

ಮೂರನೆಯ ಗೋಡೆ ಗೌರಾಜಿಯ ಮಲಗುವ ಕೋಣೆಯದು. ದೊರೆಯೂ ಬಂದು ಪೀಠದ ಮೇಲೆ ಕುಳಿತ. ಅಲ್ಲಿ ಅವಳ ದನಿ ತಗ್ಗಿತು. "ಪ್ರತಿ ಹಬ್ಬಕ್ಕೂ ಬಿಳಿ ಸೀರೆ ಉಡಿಸಿದರೂ ಇವಳು ಅಳುವುದನ್ನು ಬಿಡಳು. ಇವಳಿಗೆ ಎಷ್ಟು ಸಲ?"

ಸಣ್ಣೀರ ಗೋಡೆಗೆ ಅಂಗೈ ಒತ್ತಿದ. ತಣ್ಣಗೆ ಕೊರೆಯಿತು. ಅಂಗೈಗೆ ಹತ್ತಿದ ಪುಡಿಯನ್ನು ನಾಲಗೆಗೆ ತಾಗಿಸಿದರೆ ಉಪ್ಪುಪ್ಪು. ಕಿಟಕಿಯಿಂದ ಹೊರಗೆ ಇಣುಕಿದ. ಗೋಡೆಗೆ ಅಂಟಿಕೊಂಡೇ ದೊರೆ ಕಟ್ಟಿಸಿದ ಕೊಳವಿತ್ತು. ಅದನ್ನು ಹೊಗಳಿದವರಿಗೆ ಕಡಗ ತೊಡಿಸುತ್ತಿದ್ದ ದೊರೆ, ಹಳಿದವನೊಬ್ಬನನ್ನು ಗಡಿ ದಾಟಿಸಿದ್ದ. ಕವಿಯ ಗೊಣಗಾಟದ ಅರ್ಥ ಈಗ ಹೊಳೆಯಿತು. ಸಣ್ಣೀರ ಒಮ್ಮೆ ಬಾಗಿಲತ್ತ ನೋಡಿದ. ಗೌರಾಜಿ ಸೆರಗು ಬಾಯಿಗೊತ್ತಿಕೊಂಡು ಕೆಮ್ಮಿದಳು. ಆ ಕೆಮ್ಮು ಕೇಳಿದ ಮೇಲೆ ಅವನಿಗೆ ಅಂಜಿಕೆ ಉಳಿಯಲಿಲ್ಲ.

"ಒಂದು ಸಲವೂ ಬ್ಯಾಡ ಬುದ್ಧಿ," ಎಂದ. "ನೂರು ಸಲ ಬಳಿದರೂ ಈ ಗೋಡೆ ಅಳ್ತದೆ. ನಿಮ್ಮ ಕೊಳ ಸೋರ್ತಾ ಅದೆ."

"ಏನೆಂದೆ?" ದೊರೆ ಎದ್ದು ನಿಂತ. "ನನ್ನ ಕೊಳ ಸೋರುತ್ತದೆಯೆ?"

"ಹೌದು ಬುದ್ಧಿ. ನೀರು ಬಸಿದು, ಬಿರುಕಿಗೆ ಗಾರೆ ಹಾಕ್ಸಿ, ಒಂದು ಬ್ಯಾಸ್ಗೆ ಗೋಡೆ ಒಣಗ್ಲಿ. ಎಷ್ಟು ಸಲ ಅಂತ ಆಮ್ಯಾಕೆ ಕೇಳಿ."

ದೊರೆ ಒಂದು ಹೆಜ್ಜೆ ಮುಂದಿಟ್ಟ. ಗೌರಾಜಿ ನಡುವೆ ಬಂದಳು. "ಅಪ್ಪಾಜಿ, ಉತ್ತರ ಸರಿ. ಈ ಥಂಡಿಯಲ್ಲಿ ಮಲಗಿ ಮಲಗಿ ನನ್ನ ಎದೆ ಹಣ್ಣಾಗಿದೆ. ನೀವು ಸುಣ್ಣ ಹೊಡೆಸುತ್ತಲೇ ಬಂದಿರಿ. ಈ ಮಾತನ್ನು ನಿಮ್ಮೆದುರು ಆಡಬಲ್ಲವನನ್ನೇ ನಾನು ಹುಡುಕುತ್ತಿದ್ದೆ."

"ಗೊತ್ತಿದ್ದ ಮೇಲೆ ನೀನೇ ಹೇಳಬಹುದಿತ್ತಲ್ಲ ಮಗಳೇ! ಯಾರೂ ಯಾಕೆ ಹೇಳಲಿಲ್ಲ?"

"ನಿಮ್ಮ ಕೈ ಎಲ್ಲಿದೆ ನೋಡಿಕೊಳ್ಳಿ, ಅಪ್ಪಾಜಿ."

ದೊರೆ ತಲೆ ಬಗ್ಗಿಸಿ ನೋಡಿದ. ಕೈ ಕತ್ತಿಯ ಹಿಡಿಯ ಮೇಲಿತ್ತು. ಆಮೇಲೆ ಕೈ ತೆಗೆದು ಗೋಡೆಯ ಮೇಲಿಟ್ಟ, ಒದ್ದೆಯಾದ ಅಂಗೈಯನ್ನು ಮಗಳ ತಲೆಯ ಮೇಲಿಟ್ಟು ಅತ್ತ.

"ಬೇರೇನು ಬೇಕು ಕೇಳಪ್ಪ," ಎಂದು ದೊರೆ ಅಂದಾಗ ಸಣ್ಣೀರ ಸೆರೆಯಲ್ಲಿದ್ದವರನ್ನೆಲ್ಲ ಬಿಡಿಸಿಕೊಂಡ. ಕವಿ ನಾಚಿ ಹಿಂದಿನ ಬಾಗಿಲಿನಿಂದ ಹೋದ. ಕೊಳ ಬರಿದಾಯಿತು, ಬೇಸಗೆ ಬಂತು, ಗೋಡೆ ಒಣಗಿತು, ಗೌರಾಜಿಯ ಕೆಮ್ಮು ನಿಂತಿತು, ಮದುವೆಯ ಚಪ್ಪರ ಎದ್ದಿತು. ಆ ಗೋಡೆಗೆ ಕೊನೆಗೆ ಎಷ್ಟು ಸಲ ಸುಣ್ಣ ಬಳಿದರೋ ಹೇಳಿದವರಿಲ್ಲ. ದೊರೆ ಮಾತ್ರ ಅಂದಿನಿಂದ ಮಗಳ ಕೋಣೆಗೆ ಹೋಗುವಾಗ ಕತ್ತಿಯನ್ನು ಹೊಸ್ತಿಲಾಚೆ ಬಿಚ್ಚಿಟ್ಟು ಹೋಗುತ್ತಿದ್ದನಂತೆ.